ಗಾಳಿ ಬೀಸಿದ ಮರುದಿನ ಗುಲ್ಮಾರ್ಗ್: ಅಫರ್ವಾಟ್ ಬಯಲೋ, ಕೆಳಗಿನ ಕಾಡೋ?

ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಸ್ಕೀ ಮಾಡಲು ಗೊಂಡೋಲಾದ (ಕೇಬಲ್ ಕಾರ್) ಎರಡನೇ ಹಂತ ಹತ್ತಿದರೆ, ಸುಮಾರು 3,950 ಮೀಟರ್ ಎತ್ತರದಲ್ಲಿ ಅಫರ್ವಾಟ್ ಬೆಟ್ಟದ ಬಯಲು ಇಳಿಜಾರು. ಯಾರಿಗಾದರೂ ಆಸೆ ಹುಟ್ಟಬೇಕು, ಅಲ್ವಾ? ಆದರೆ ಗಾಳಿ ಒಂದು ಮಗ್ಗುಲಿನ ಹಿಮ ಕೆರೆದು, ಮರೆಯ ಮಗ್ಗುಲಿನಲ್ಲಿ ಹಲಗೆಯಂತೆ ಕೂರಿಸಿರುತ್ತದೆ. ಹೊಸ ಹಿಮ ಬೀಳದಿದ್ದರೂ ಹೀಗಾಗುತ್ತದೆ. ಆ ಹಲಗೆ ಒಡೆದು ಜಾರಿದರೆ ಅದೇ ಹಿಮಕುಸಿತ. ಸ್ಕೀ ಕೋಲಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ, ಸ್ಕೀ ಮುಂದೆ ಬಿರುಕು ಓಡಿದರೆ, ಅಲ್ಲಿಂದಲೇ ವಾಪಸ್. ಸದ್ದು ಬರಲಿಲ್ಲ ಅಂತ ಸುಮ್ನೆ ನಂಬಲೂ ಬೇಡಿ.

ಕೆಳಗಿನ ಕಾಡಿನಲ್ಲಿ ಗಾಳಿಯ ಆಟ ಕಡಿಮೆ. ಹಿಮಕುಸಿತ ಜಾಸ್ತಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಮರಗಳ ನಡುವೆ ಅದಕ್ಕಿಂತ ಕಡಿಮೆಯದ್ದನ್ನು ಹುಡುಕಿಕೊಳ್ಳಬಹುದು. ಮೇಲಿನಿಂದ ಇಳಿಯುವ ಕೊರಕಲುಗಳ ಬಾಯಲ್ಲಿ ಮಾತ್ರ ನಿಲ್ಲಬೇಡಿ. ನನ್ನ ಆಯ್ಕೆ ಕಾಡು. ಬೀಕನ್ (ಹಿಮದಡಿ ಸಿಕ್ಕವರನ್ನು ಪತ್ತೆ ಮಾಡುವ ಸಂಕೇತ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಎರಡೂ ಕಡೆ ಬೇಕೇ ಬೇಕು.