ಫಂಡು ಕೊಡಿಸುತ್ತೇವೆ ಅನ್ನುವವರ ಕೈಗೆ ಸಂಘದ ಲೆಟರ್‌ಹೆಡ್ ಕೊಡಬೇಡಿ

ಸಣ್ಣಪುಟ್ಟ ಸಂಘ, ವಾಚನಾಲಯ, ಮಹಿಳಾ ಮಂಡಳಿ ನಡೆಸುವವರನ್ನು ಹುಡುಕಿಕೊಂಡು ಬರುವ ಸಲಹೆಗಾರರಲ್ಲಿ ಒಂದು ಬಗೆಯವರಿದ್ದಾರೆ. ನೋಂದಣಿ, 12ಎ (ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನ ಕೊಟ್ಟವರಿಗೆ ತೆರಿಗೆ ರಿಯಾಯಿತಿ), ದರ್ಪಣ್ (ಸಂಘಸಂಸ್ಥೆಗಳ ಸರ್ಕಾರಿ ಪೋರ್ಟಲ್), ಸಿಎಸ್‌ಆರ್-1 (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ, ಅಂದರೆ ಸಿಎಸ್‌ಆರ್ ಪಡೆಯಲು ಬೇಕಾದ ನೋಂದಣಿ) ಎಲ್ಲ ಸೇರಿ ಒಂದೇ ಪ್ಯಾಕೇಜ್, ಆಮೇಲೆ ಕಂಪನಿಗಳಿಂದ ಫಂಡು ತರಿಸುವುದು ನಮ್ಮ ಜವಾಬ್ದಾರಿ ಅನ್ನುತ್ತಾರೆ. ನಮ್ಮ ಸಂಘದ ಹಿಂದಿನ ಸಮಿತಿ ಇಂಥವರೊಬ್ಬರಿಗೆ ಕೆಲಸ ವಹಿಸಿತ್ತು. ಕಾರ್ಯದರ್ಶಿಯಾಗಿ ಕಡತಗಳು ನನ್ನ ಕೈಗೆ ಬಂದ ಮೇಲೆ ಏನೇನು ಕಂಡೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ವಿಷಯ ಪೊಲೀಸರ ಮುಂದಿದೆ, ಹಾಗಾಗಿ ಹೆಸರು ಹಾಕುವುದಿಲ್ಲ.

ಮೊದಲು ತೆರೆದದ್ದು ಬೈಲಾ, ಅಂದರೆ ಸಂಘದ ನಿಯಮಾವಳಿ. ಕೋರಂ ಎಷ್ಟಿರಬೇಕು ಅನ್ನುವ ಕಲಮಿನಲ್ಲಿ ನಮ್ಮ ಹೆಸರಿನ ಬದಲು ಬೇರೆ ಯಾವುದೋ ಸಂಘದ ಹೆಸರು ಹಾಗೇ ಉಳಿದುಕೊಂಡಿತ್ತು. ಅದೊಂದು ಜಾತಿ ಸಂಘದ ಬೈಲಾ. ‘ಸಮಾಜ ಬಾಂಧವರ ಮಕ್ಕಳ ವಿದ್ಯಾಭ್ಯಾಸಕ್ಕೆ ನೆರವು’ ಅನ್ನುವ ಸಾಲೂ ಉದ್ದೇಶಗಳ ಪಟ್ಟಿಯಲ್ಲಿ ಕೂತಿತ್ತು. ನಮ್ಮದು ಯಾರು ಬೇಕಾದರೂ ಬಂದು ಕೂರುವ ವಾಚನಾಲಯ, ಸಂಜೆ ಮಕ್ಕಳಿಗೆ ಪಾಠ. ಓದಿದವರಿಗೆ ನಗು ಬರುತ್ತದೆ, ಆದರೆ ಒಂದು ಜಾತಿಯ ಅಥವಾ ಧರ್ಮದವರ ಹಿತಕ್ಕೆಂದೇ ಇರುವ ಸಂಸ್ಥೆಗೆ 80ಜಿ ಸಿಗುವುದಿಲ್ಲ. ಹಾಗಿದ್ದೂ ಆ ಸಲಹೆಗಾರರು ಪ್ರಮಾಣಪತ್ರ ತಂದುಕೊಟ್ಟಿದ್ದರಲ್ಲ? ಅದು ತಾತ್ಕಾಲಿಕ ನೋಂದಣಿ. ಆ ಹಂತದಲ್ಲಿ ಇಲಾಖೆ ಆಳವಾಗಿ ವಿಚಾರಿಸುವುದಿಲ್ಲ, 3 ವರ್ಷಕ್ಕೆ ಕೊಟ್ಟುಬಿಡುತ್ತದೆ. ಬೈಲಾ, ಲೆಕ್ಕಪತ್ರ, ಮಾಡಿದ ಕೆಲಸ ಎಲ್ಲವನ್ನೂ ಕೆದಕಿ ನೋಡುವುದು ಮುಂದಿನ ಅರ್ಜಿ ಹಾಕಿದಾಗ. ಫ್ರೇಮ್ ಹಾಕಿಸಿದ ಆ ಹಾಳೆ ತೋರಿಸಿಯೇ ಅವರು ಪೂರ್ತಿ ಹಣ ಎಣಿಸಿಕೊಂಡಿದ್ದರು.

ಮುಂದಿನ ಅರ್ಜಿ ಹಾಕೋಣ ಅಂತ ಆದಾಯ ತೆರಿಗೆ ಪೋರ್ಟಲ್‌ಗೆ ಹೋದರೆ ಪಾಸ್‌ವರ್ಡ್ ಇಲ್ಲ. ಬದಲಾಯಿಸಲು ನೋಡಿದರೆ ಓಟಿಪಿ ಹೋಗುವುದು ಅವರ ಮೊಬೈಲಿಗೆ. ಇಮೇಲ್ ಅವರದು, ಅಧ್ಯಕ್ಷರ ಹೆಸರಿನ ಡಿಜಿಟಲ್ ಸಹಿಯ ಟೋಕನ್ ಅವರ ಡ್ರಾಯರಿನಲ್ಲಿ. ನೋಟಿಸುಗಳೂ ಅವರ ಇನ್‌ಬಾಕ್ಸ್‌ಗೆ ಬಂದು ಅಲ್ಲೇ ಬಿದ್ದಿದ್ದವು. ಅವಧಿ ಮುಗಿಯುವ 6 ತಿಂಗಳ ಮೊದಲು, ಇಲ್ಲವೇ ಕೆಲಸ ಶುರುವಾದ 6 ತಿಂಗಳೊಳಗೆ, ಇವೆರಡರಲ್ಲಿ ಯಾವುದು ಮೊದಲೋ ಆಗ ಹಾಕಬೇಕಿದ್ದ ಅರ್ಜಿ ಅದು. ಗಡುವು ದಾಟಿಹೋಗಿತ್ತು. ಫೋನ್ ಮಾಡಿದರೆ ‘ರಿನೀವಲ್ ಚಾರ್ಜ್ ಹಾಕಿ ಸಾರ್, ಆಮೇಲೆ ನೋಡೋಣ’ ಎಂಬ ಉತ್ತರ. ನನ್ನ ಕೇಳಿದರೆ ಅವರ ವ್ಯಾಪಾರದ ಗುಟ್ಟು ಇರುವುದೇ ಇಲ್ಲಿ. ಫೀಸು ಜಾಸ್ತಿ ತಗೊಂಡರು ಅನ್ನುವುದು ದೊಡ್ಡ ವಿಷಯವಲ್ಲ, ಅದು ಹೋದರೆ ಹೋಯಿತು. ಸಂಘದ ಗುರುತೇ ಇನ್ನೊಬ್ಬರ ಜೇಬಿನಲ್ಲಿದ್ದರೆ ಪ್ರತಿವರ್ಷ ಅವರ ಬಾಗಿಲಿಗೇ ಹೋಗಿ ನಿಲ್ಲಬೇಕು.

ಆಡಿಟ್ ವರದಿಯ ಕಥೆ ಬೇರೆ. ಸೀಲು ಇತ್ತು, ಗೀಚಿದಂಥ ಸಹಿ ಇತ್ತು, ಯುಡಿಐಎನ್ ಇರಲಿಲ್ಲ. ಚಾರ್ಟರ್ಡ್ ಅಕೌಂಟೆಂಟ್ ಸಹಿ ಮಾಡುವ ಆಡಿಟ್ ವರದಿ, ಪ್ರಮಾಣಪತ್ರಗಳ ಮೇಲೆ 18 ಅಂಕಿ-ಅಕ್ಷರಗಳ ಈ ಸಂಖ್ಯೆ ಇರಲೇಬೇಕು, ಅವರ ಸಂಸ್ಥೆಯಾದ ಐಸಿಎಐನ ಯುಡಿಐಎನ್ ಪೋರ್ಟಲ್‌ನಲ್ಲಿ ಹಾಕಿ ಯಾರು ಬೇಕಾದರೂ ನೋಡಬಹುದು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ವಾರ್ಷಿಕ ಮಹಾಸಭೆ ಆಗಿ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿ, ಆಡಿಟ್ ಆದ ಲೆಕ್ಕ ನೋಂದಣಾಧಿಕಾರಿಗೆ ಹೋಗಬೇಕು. ಕಚೇರಿಯಲ್ಲಿ ವಿಚಾರಿಸಿದರೆ ನಮ್ಮದು ಹೋಗೇ ಇಲ್ಲ.

ಇಷ್ಟೇ ಆಗಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ಒಂದು ದಿನ ಸ್ತ್ರೀಶಕ್ತಿ ಸಂಘದ ಹೆಂಗಸೊಬ್ಬರು ಸೆರಗಿನಲ್ಲಿ ಮಡಿಸಿಟ್ಟುಕೊಂಡಿದ್ದ ರಸೀದಿ ತೆಗೆದು ಮೇಜಿನ ಮೇಲಿಟ್ಟು, ‘ಮೆಷೀನು ಯಾವಾಗ ಬರ್ತದೆ ಸಾರ್?’ ಅಂತ ಕೇಳಿದರು. ನಮ್ಮ ಲೆಟರ್‌ಹೆಡ್, ನಮ್ಮ ಸೀಲು, ಕೆಳಗೆ ನಮ್ಮ ಹಳೆಯ ಅಧ್ಯಕ್ಷರ ಅಸಲಿ ಸಹಿ. ನಡುವೆ ಟೈಪ್ ಮಾಡಿದ ಸಾಲು: ಸಿಎಸ್‌ಆರ್ ಯೋಜನೆಯಡಿ ಹೊಲಿಗೆ ಯಂತ್ರಕ್ಕೆ ಫಲಾನುಭವಿಯ ಪಾಲು ಸಂದಾಯವಾಗಿದೆ. ಸಹಿ ಒಂದು ಕಡೆ ವಾಲಿತ್ತು, ಮ್ಯಾಟರ್ ಅದರ ಮೇಲೆಯೇ ಹತ್ತಿ ಕೂತಿತ್ತು. ಸಲಹೆಗಾರರು ಖಾಲಿ ಹಾಳೆಗೆ ಮೊದಲೇ ಸಹಿ ಹಾಕಿಸಿಕೊಂಡಿದ್ದರು, ‘ಅರ್ಜಿಗಳಿಗೆ ಪದೇ ಪದೇ ನಿಮ್ಮನ್ನು ಓಡಾಡಿಸುವುದು ಬೇಡ’ ಅಂತ. ಆ ಹೆಂಗಸಿನ ಗುಂಪಿನವರೆಲ್ಲ ಕಟ್ಟಿದ್ದಾರೆ. ಹಣ ನಮ್ಮ ಬ್ಯಾಂಕ್ ಖಾತೆಗೆ ಬಂದಿಲ್ಲ ಅಂತ ಪಾಸ್‌ಪುಸ್ತಕ ತೋರಿಸಿದರೂ ಅವರ ಪಾಲಿಗೆ ದುಡ್ಡು ತಿಂದವರು ನಾವೇ. ಅವರನ್ನು ದೂರುವಂತಿಲ್ಲ, ಕಾಗದ ಹಾಗೇ ಹೇಳುತ್ತದೆ.

2025ರ ಆರಂಭದಲ್ಲಿ ಕೇರಳದಲ್ಲಿ ಬಯಲಾದ ಅರ್ಧ ಬೆಲೆಯ ಸ್ಕೂಟರ್ ಹಗರಣ ಇದೇ ದಾರಿಯದು. ಉಳಿದ ಅರ್ಧ ಸಿಎಸ್‌ಆರ್‌ನಿಂದ ಬರುತ್ತದೆ ಅಂತ ನಂಬಿಸಿ, ಸ್ಥಳೀಯ ಸಂಘಸಂಸ್ಥೆಗಳನ್ನೇ ಮುಂದಿಟ್ಟುಕೊಂಡು ಹಣ ಎತ್ತಿದ್ದರು. ಗುರುತಿನ ಮುಖ ಇದ್ದರೆ ಜನ ಕೊಡುತ್ತಾರೆ.

ಸಿಎಸ್‌ಆರ್ ಹಣ ಹಾಗೆ ಯಾರೋ ತರಿಸಿಕೊಡುವುದಲ್ಲ. ನಿಗದಿತ ಮಿತಿ ದಾಟಿದ ದೊಡ್ಡ ಕಂಪನಿ ತನ್ನ ಹಿಂದಿನ 3 ವರ್ಷದ ಸರಾಸರಿ ನಿವ್ವಳ ಲಾಭದ ಕನಿಷ್ಠ 2 ಶೇಕಡಾ ಖರ್ಚು ಮಾಡಬೇಕು ಅನ್ನುವುದು 2013ರ ಕಂಪನಿ ಕಾಯ್ದೆಯ ನಿಯಮ, ನಿಜ. ಆದರೆ ನಮ್ಮಂಥ ಹೊರಗಿನ ಸಂಘದ ಮೂಲಕ ಖರ್ಚು ಮಾಡಬೇಕಾದರೆ ಆ ಸಂಘಕ್ಕೆ 12ಎ, 80ಜಿ, ಸಿಎಸ್‌ಆರ್-1 ಸಂಖ್ಯೆಯ ಜೊತೆಗೆ ಅದೇ ಬಗೆಯ ಕೆಲಸದಲ್ಲಿ ಕನಿಷ್ಠ 3 ವರ್ಷದ ಅನುಭವ ಇರಬೇಕು. ಮೊನ್ನೆ ನೋಂದಣಿಯಾದ ಸಂಘಕ್ಕೆ ಈ ವರ್ಷವೇ ಫಂಡು ಅಂದರೆ ಅಲ್ಲಿಗೇ ಎದ್ದು ಬನ್ನಿ. ‘ಬಂದದ್ದರಲ್ಲಿ ಇಷ್ಟು ನಗದಾಗಿ ವಾಪಸ್ ಕೊಡಬೇಕು’ ಅಂದರಂತೂ ನಾಳೆ ತನಿಖೆಗೆ ಹಾಜರಾಗುವವರು ಪದಾಧಿಕಾರಿಗಳೇ, ಸಲಹೆಗಾರರಲ್ಲ.

ಇನ್ನೊಂದು ವಿಷಯ. ದರ್ಪಣ್ ನೋಂದಣಿಗೆ ಸರ್ಕಾರದ ಶುಲ್ಕವಿಲ್ಲ. 12ಎ, 80ಜಿ ಅರ್ಜಿಗೂ ಇಲ್ಲ. ಬಿಲ್ಲಿನಲ್ಲಿ ‘ಗವರ್ನಮೆಂಟ್ ಫೀ’ ಅಂತ ಬರೆದು ವಸೂಲಿ ಮಾಡಿದ್ದು ಸುಳ್ಳು ಲೆಕ್ಕ. ಕೆಲಸ ಮಾಡಿಕೊಟ್ಟ ಲೆಕ್ಕಪರಿಶೋಧಕರಿಗೆ ಅವರ ಶ್ರಮದ ಹಣ ಕೊಡುವುದು ನ್ಯಾಯ, ಅದಕ್ಕೆ ಅವರು ರಸೀದಿಯನ್ನೂ ಕೊಡುತ್ತಾರೆ.

ಈಗ ನಾವು ತುರ್ತು ಸಭೆ ಕರೆದು ಠರಾವು ಬರೆದು, ಹಳೆಯ ಡಿಜಿಟಲ್ ಸಹಿ ರದ್ದು ಮಾಡಿಸಿ, ಪೋರ್ಟಲ್‌ಗಳಲ್ಲಿ ಸಂಘದ್ದೇ ಇಮೇಲ್, ಸಂಘದ್ದೇ ಸಿಮ್ ಹಾಕಿಸಿದ್ದೇವೆ. ಹಳೆಯ ಲೆಟರ್‌ಹೆಡ್ ಚಾಲ್ತಿಯಲ್ಲಿಲ್ಲ ಅಂತ ಬ್ಯಾಂಕಿಗೂ ನೋಂದಣಾಧಿಕಾರಿಗೂ ಲಿಖಿತವಾಗಿ ಕೊಟ್ಟು ಸ್ವೀಕೃತಿ ಇಟ್ಟುಕೊಂಡಿದ್ದೇವೆ. ಬೈಲಾ ತಿದ್ದುಪಡಿ ಇನ್ನೂ ಮುಗಿದಿಲ್ಲ. ಯಾವುದೇ ಸಂಘದ ಹೆಸರಿನಲ್ಲಿ ಯಂತ್ರ, ಲ್ಯಾಪ್‌ಟಾಪ್, ಸ್ಕೂಟರ್ ಅಂತ ನೀವು ಆನ್‌ಲೈನ್‌ನಲ್ಲಿ ಹಣ ಕಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ರಸೀದಿಯ ಅಸಲನ್ನು ಯಾರಿಗೂ ಕೊಡದೆ ಠಾಣೆಗೆ ಹೋಗಿ.