ಕೈಮೀರಾ, ಎಲೀಸ್, ಆರ್‌ವಿ8: ಮೂರನ್ನೂ ಓಡಿಸಿ ನೋಡಿದ ಮೇಲೆ

ಇಂಗ್ಲೆಂಡಿನ ಕವೆಂಟ್ರಿಗೆ ಬಂದು 11 ವರ್ಷವಾಯಿತು. ಬಂದ ದಿನದಿಂದ ಒಂದು ಆಸೆ ಇತ್ತು. ಇದೇ ದೇಶದಲ್ಲಿ ತಯಾರಾದ, ಮೇಲಿನ ಹೊದಿಕೆ ತೆಗೆದು ಓಡಿಸಬಹುದಾದ ಒಂದು ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಳ್ಳಬೇಕು ಅಂತ. ಹೋದ ವರ್ಷ 20,000 ಪೌಂಡ್ ಕೂಡಿತು. ನನ್ನ ಹೆಂಡತಿ ಹಾಕಿದ್ದು ಒಂದೇ ಷರತ್ತು: "ಮೂರು ವರ್ಷ ಓಡಿಸಿ ಸಾಕು ಅನ್ನಿಸಿದ್ರೆ, ಹಾಕಿದ ದುಡ್ಡು ಹೆಚ್ಚುಕಮ್ಮಿ ವಾಪಸ್ ಬರ್ಬೇಕು." ನ್ಯಾಯವಾದ ಮಾತು.

ಹಾಗಾಗಿ 1990ರ ದಶಕದ ಮೂರು ಗಾಡಿಗಳನ್ನು ಆರಿಸಿಕೊಂಡೆ. ಟಿವಿಆರ್ ಕೈಮೀರಾ, ಲೋಟಸ್ ಎಲೀಸ್‌ನ ಮೊದಲ ಮಾದರಿ, ಎಂಜಿ ಆರ್‌ವಿ8. ನಡುವೆ ಮಾಲ್ವರ್ನ್‌ಗೆ ಹೋಗಿ ಮಾರ್ಗನ್ ಪ್ಲಸ್ 8ರಲ್ಲೂ ಕೂತು ಬಂದೆ. ಒಳಗೆ ಮರದ ಚೌಕಟ್ಟು, ಹೊರಗೆ ಕೈಯಲ್ಲಿ ಬಗ್ಗಿಸಿದ ತಗಡು. ಬಹಳ ಚೆಂದ. ಆದರೆ ಬೆಲೆ ನನ್ನ ಕೈಗೆ ಎಟುಕುವಂಥದ್ದಲ್ಲ, ಅಲ್ಲಿಗೆ ಬಿಟ್ಟೆ.

ಮೊದಲು ಎಣಿಕೆ ನೋಡಿ. ಆರ್‌ವಿ8 ತಯಾರಾಗಿದ್ದು 2,000ಕ್ಕೂ ಕಮ್ಮಿ. ಕೈಮೀರಾ 5,000ದ ಮೇಲೆ. ಮೊದಲ ಎಲೀಸ್ 10,000ದ ಮೇಲೆ. ಕಮ್ಮಿ ಇದ್ದಷ್ಟೂ ಬೆಲೆ ಜಾಸ್ತಿ ಅನ್ನೋದಾದರೆ ಆರ್‌ವಿ8 ಎಲ್ಲಕ್ಕಿಂತ ದುಬಾರಿ ಇರಬೇಕಿತ್ತು, ಅಲ್ವಾ? ನಾನು ನೋಡಿದ್ದು ಪೂರ್ತಿ ಉಲ್ಟಾ. ಸುಮಾರು ಒಂದೇ ಸ್ಥಿತಿಯಲ್ಲಿದ್ದ ಮೂರು ಗಾಡಿಗಳಿಗೆ ಮಾಲೀಕರು ಹೇಳಿದ ಬೆಲೆ ಇದು: ಎಲೀಸ್ 23,000 ಪೌಂಡ್, ಕೈಮೀರಾ 17,500, ಆರ್‌ವಿ8 16,000. ಯಾಕೆ ಹೀಗೆ ಅಂತ ಓಡಿಸಿದ ಮೇಲೆ ಅರ್ಥವಾಯಿತು.

ಆರ್‌ವಿ8 ನೋಡಿದ್ದು ಆಕ್ಸ್‌ಫರ್ಡ್ ಹತ್ತಿರದ ಒಂದು ಹಳ್ಳಿಯಲ್ಲಿ. ಅದು ತಯಾರಾದ ಕೌಲಿ ಕಾರ್ಖಾನೆಯೂ ಆಕ್ಸ್‌ಫರ್ಡ್‌ನಲ್ಲೇ ಇದೆ. ಆದರೆ ಈ ಗಾಡಿ ಜಪಾನ್ ಸುತ್ತಿ ಬಂದಿತ್ತು. 1993ರಿಂದ 1995ರವರೆಗೆ ತಯಾರಾದ ಆರ್‌ವಿ8ಗಳಲ್ಲಿ 1,500ಕ್ಕೂ ಹೆಚ್ಚು ಹಡಗು ಹತ್ತಿದ್ದು ಜಪಾನಿಗೆ. ಆಮೇಲೆ ಎಷ್ಟೋ ಗಾಡಿಗಳು ತಿರುಗಿ ಇಂಗ್ಲೆಂಡಿಗೆ ಬಂದವು. ಕೀಲಿಯ ಜೊತೆ ಮಾಲೀಕರು ಜಪಾನಿ ಅಕ್ಷರದ ಸರ್ವಿಸ್ ಪುಸ್ತಕವನ್ನೂ ಕೊಟ್ಟು ತೋರಿಸಿದರು. ಕೆಳಗೆ ಬಗ್ಗಿ ನೋಡಿದೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪನ್ನು ಆ ಗಾಡಿ ಬಹುಕಾಲ ಕಂಡಿರಲಿಲ್ಲ. ತುಕ್ಕಿನ ಕಲೆಯೇ ಇಲ್ಲ. ಒಳಗೆ ಗಂಟುಗಂಟಿನ ಮರದ ಡ್ಯಾಶ್‌ಬೋರ್ಡ್, ಕೆನೆ ಬಣ್ಣದ ಚರ್ಮದ ಸೀಟು. ನನ್ನ ಹೆಂಡತಿ ಮೂರರಲ್ಲಿ ಮೆಚ್ಚಿದ ಒಳಾಂಗಣ ಇದೇ.

ಓಡಿಸುವಾಗ ಎಂಜಿನ್ ಹಾಯಾಗಿ ಎಳೆಯುತ್ತದೆ. ರೋವರ್ ಕಂಪನಿಯ 3.9 ಲೀಟರ್‌ನ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್, 190 ಕುದುರೆಶಕ್ತಿ. ಆದರೆ ಪವರ್ ಸ್ಟೀರಿಂಗ್ ಇಲ್ಲ. ಗಾಡಿ ತಿರುಗಿಸಿ ನಿಲ್ಲಿಸುವ ಹೊತ್ತಿಗೆ ಭುಜ ನೋಯುತ್ತದೆ. ಹಿಂದಿನ ಚಕ್ರಗಳಿಗೆ ಇರುವುದು ಲಾರಿಗಿರುವಂಥ ಲೀಫ್ ಸ್ಪ್ರಿಂಗ್. ಕಿತ್ತುಹೋದ ರಸ್ತೆಯಲ್ಲಿ ಹಿಂಭಾಗ ಎಗರಿ ಎಗರಿ ಬೀಳುತ್ತದೆ. ಕಾರಣ ಸರಳ. ಇದರ ಮೈಕಟ್ಟಿನ ಮೂಲ ಅದೇ ಕಂಪನಿಯ 1962ರ ಎಂಜಿಬಿ ಅನ್ನುವ ಕಾರು. ಬೆಲೆ ಏರದಂತೆ ಹಿಡಿದಿಟ್ಟಿರುವುದೂ ಅದೇ ಎಂಜಿಬಿ. 1980ರವರೆಗೆ ಅದು 5 ಲಕ್ಷಕ್ಕೂ ಜಾಸ್ತಿ ತಯಾರಾಗಿದೆ. ಆ ಅಂದ ಬೇಕು ಅನ್ನುವವನಿಗೆ ಎಂಜಿಬಿ ಇನ್ನೂ ಕಮ್ಮಿ ಬೆಲೆಗೆ ಸಿಗುತ್ತದೆ. ಆರ್‌ವಿ8 ಬೇಕೇ ಬೇಕು ಅಂತ ಹುಡುಕುವವರು ಕಮ್ಮಿ. ಮಾಲೀಕರೂ ಅದನ್ನೇ ಹೇಳಿದರು. ಮಾರಾಟಕ್ಕೆ ಇಟ್ಟು ಐದು ತಿಂಗಳಾಗಿತ್ತಂತೆ, ನೋಡಲು ಬಂದವರಲ್ಲಿ ನಾನು ಮೂರನೆಯವನಂತೆ.

ಎಲೀಸ್ ವಿಷಯ ಬೇರೆ. ನಾರ್ಫಕ್‌ನ ಹೆಥೆಲ್‌ನಲ್ಲಿ 1996ರಿಂದ 2001ರವರೆಗೆ ತಯಾರಾದ ಗಾಡಿ. ತೂಕ ಸುಮಾರು 725 ಕಿಲೋ, ನಮ್ಮ ಹಳೇ ಮಾರುತಿ 800ಗಿಂತ ತುಸು ಜಾಸ್ತಿ ಅಷ್ಟೇ. ಅಲ್ಯೂಮಿನಿಯಂ ತುಂಡುಗಳನ್ನು ಅಂಟು ಹಾಕಿ ಕೂಡಿಸಿದ ಚಾಸಿಸ್, ಅಂದರೆ ಗಾಡಿಯ ಅಡಿಯ ಚೌಕಟ್ಟು. 1.8 ಲೀಟರ್ ಎಂಜಿನ್, 118 ಕುದುರೆಶಕ್ತಿ. ಕಾಗದದ ಮೇಲೆ ಏನೂ ಅನ್ನಿಸಲ್ಲ. ತಿರುವಿಗೆ ಬಂದಾಗ ಗೊತ್ತಾಗುತ್ತದೆ. ಸ್ಟೀರಿಂಗ್ ಹಿಡಿದ ಬೆರಳಿಗೆ ರಸ್ತೆಯ ಸಣ್ಣ ಕಲ್ಲೂ ತಿಳಿಯುತ್ತದೆ. ಇಷ್ಟು ಹಗುರಾದ, ಇಷ್ಟು ಚುರುಕಾದ ಗಾಡಿಯನ್ನು ನಾನು ಓಡಿಸಿದ್ದೇ ಇಲ್ಲ.

ಹೊಸದಾಗಿ ಬಂದಾಗ ಇದರ ಬೆಲೆ 18,950 ಪೌಂಡ್. ಈಗ ಕೇಳುತ್ತಿರುವುದು ಅದಕ್ಕಿಂತ ಜಾಸ್ತಿ. ಆರ್‌ವಿ8 ಹೊಸದರಲ್ಲಿ 25,000 ಪೌಂಡ್ ದಾಟಿತ್ತು, ಈಗ ಕೆಳಗೆ ಇಳಿದಿದೆ. ಎಲೀಸ್‌ಗೆ ಬದಲಿ ಗಾಡಿ ಇಲ್ಲ, ಅದೇ ಮುಖ್ಯ ಕಾರಣ. ಲೋಟಸ್ 2021ರಲ್ಲಿ ಎಲೀಸ್ ತಯಾರಿಕೆಯನ್ನೇ ನಿಲ್ಲಿಸಿತು. ಇನ್ನು ಮುಂದೆ ಹೀಗೆ ಹಗುರಾದ ಗಾಡಿ ಬರೋದು ಕಷ್ಟ ಅಂತ ಹುಡುಕುವವರಿಗೆ ಗೊತ್ತು.

ತೊಂದರೆ ಎರಡು. ಒಂದು, ಕೆ-ಸೀರೀಸ್ ಅನ್ನುವ ಇದರ ಎಂಜಿನ್‌ನ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲ್ಭಾಗ, ಕೆಳಭಾಗದ ನಡುವಿನ ಸೀಲು) ಹೋಗುವುದು. ಆಯಿಲ್ ಮುಚ್ಚಳ ತಿರುಗಿಸಿ ತೆಗೆದು ಒಳಮೈ ನೋಡಿ. ಕೆನೆಯಂಥ ಬಿಳಿ ಲೋಳೆ ಕಂಡರೆ ಹುಷಾರಾಗಿ, ನೀರು ಮತ್ತು ಆಯಿಲ್ ಬೆರೆತಿರಬಹುದು. ಇನ್ನೊಂದು, ಚಾಸಿಸ್‌ಗೆ ಜೋರಾಗಿ ಪೆಟ್ಟು ಬಿದ್ದರೆ ಬಡಿದು ಸರಿ ಮಾಡೋಕಾಗಲ್ಲ. ನನಗೆ ಅಡ್ಡಿಯಾಗಿದ್ದು ಮಾತ್ರ ಇವೆರಡೂ ಅಲ್ಲ. ಹೊಸ್ತಿಲಿನಷ್ಟು ಎತ್ತರದ ಅಂಚು ದಾಟಿ, ನೆಲಕ್ಕೆ ಅಂಟಿದಂತಿರುವ ಸೀಟಿಗೆ ಇಳಿಯಬೇಕು. ಮಂಡಿನೋವಿರುವ ನನ್ನ ಹೆಂಡತಿ ಎರಡು ಸಲ ಪ್ರಯತ್ನಿಸಿ ಬೇಡ ಅಂದಳು. ಇಬ್ಬರೂ ಕೂತು ಹೋಗಲಾಗದ ಗಾಡಿ ನನಗೆ ಬೇಡ. ಅದೂ ಅಲ್ಲದೆ 23,000 ನನ್ನ ಲೆಕ್ಕ ಮೀರಿತ್ತು.

ಈಗ ಕೈಮೀರಾ. ಇದಕ್ಕೆ ಎರಡು ಸಲ ಹೋಗಿದ್ದೆ, ಎರಡು ಬೇರೆ ಬೇರೆ ಗಾಡಿ.

ಬ್ಲ್ಯಾಕ್‌ಪೂಲ್‌ನಲ್ಲಿ ತಯಾರಾಗುತ್ತಿದ್ದ ಟಿವಿಆರ್‌ಗೆ ಹೊರಮೈ ಫೈಬರ್‌ಗ್ಲಾಸಿನದು, ಒಳಗೆ ಉಕ್ಕಿನ ಕೊಳವೆಗಳ ಚಾಸಿಸ್. ಬಾಗಿಲಿಗೆ ಹಿಡಿಯೇ ಇಲ್ಲ. ಪಕ್ಕದ ಕನ್ನಡಿಯ ಕೆಳಗೆ ಬೆರಳಿಟ್ಟು ತಡಕಿದರೆ ಒಂದು ಪುಟ್ಟ ಗುಂಡಿ ಸಿಗುತ್ತದೆ. ಒತ್ತಿದರೆ ಟಕ್ ಅಂತ ಬಾಗಿಲು ಬಿಟ್ಟುಕೊಳ್ಳುತ್ತದೆ. ಎಬಿಎಸ್ ಇಲ್ಲ, ಏರ್‌ಬ್ಯಾಗ್ ಇಲ್ಲ. ಎಂಜಿನ್ ಆರ್‌ವಿ8ನ ಮನೆತನದ್ದೇ, ಅಮೆರಿಕದ ಬ್ಯೂಕ್‌ನಿಂದ ರೋವರ್ ಕೈಗೆ ಬಂದ ಅದೇ ಅಲ್ಯೂಮಿನಿಯಂ ವಿ8. ಆದರೆ ಇಲ್ಲಿ 240 ಕುದುರೆಶಕ್ತಿ. ಚಾಲೂ ಮಾಡಿದಾಗ ಮೊದಲು ಒಂದು ಕೆಮ್ಮು, ಆಮೇಲೆ ಎದೆಯೊಳಗೆ ಇಳಿಯುವ ಗುಡುಗು. ಆ ಸದ್ದು ಕೇಳಿಯೇ ಇದನ್ನು ಕೊಳ್ಳುವವರಿದ್ದಾರೆ.

ಮೊದಲ ಗಾಡಿಗೆ ಕೇಳಿದ್ದು 13,000. ಹೊರಗೆ ಕನ್ನಡಿಯಂಥ ಹೊಳಪು. ಹಾಸನದಲ್ಲಿ ಅಪ್ಪ ಹಳೇ ಅಂಬಾಸಿಡರ್ ಕೊಳ್ಳೋ ಮೊದಲು ಗೋಣಿಚೀಲ ಹಾಸಿ ಕೆಳಗೆ ಮಲಗುತ್ತಿದ್ದರು. ನಾನೂ ಹಾಗೇ ಮಲಗಿದೆ. ಚಾಸಿಸ್‌ನ ಬದಿಗೆ ಚಾಚಿಕೊಂಡಿರುವ ಕೊಳವೆಗಳಿಗೆ ಔಟ್‌ರಿಗ್ಗರ್ ಅನ್ನುತ್ತಾರೆ. ಮುಂದಿನ ಚಕ್ರದ ಹಿಂದೆ ಟಾರ್ಚ್ ಬಿಟ್ಟು ನೋಡಿದೆ. ಮೇಲಿನ ಬಣ್ಣದ ಪದರ ಬಿರುಕು ಬಿಟ್ಟು, ಒಳಗೆ ನೀರು ಸೇರಿ, ಉಬ್ಬಿ ನಿಂತಿತ್ತು. ಬೆರಳಿಂದ ಒತ್ತಿದೆ. ಹಪ್ಪಳದ ಹಾಗೆ ಮುರಿದು, ಕೆಂಪು ಪುಡಿ ಮುಖದ ಮೇಲೆ ಉದುರಿತು. ಅದನ್ನು ಸರಿಯಾಗಿ ಮಾಡಿಸಬೇಕಾದರೆ ಫೈಬರ್‌ಗ್ಲಾಸ್ ಮೈಯನ್ನೇ ಎತ್ತಿ ಪಕ್ಕಕ್ಕೆ ಇಡಬೇಕು. ಸಾವಿರಾರು ಪೌಂಡ್ ಖರ್ಚು. ಎಂಜಿನ್ ಚೆನ್ನಾಗಿದ್ದರೂ ಆ ಗಾಡಿ ಬೇಡ ಅಂದೆ.

ಎರಡನೆಯದು 17,500ರದ್ದು. ಬಣ್ಣ ಕೊಂಚ ಮಂಕು, ಸೀಟಿನ ಚರ್ಮ ಸುಕ್ಕು. ಆದರೆ ಮಾಲೀಕರು ದಪ್ಪ ಫೈಲು ತಂದು ಮೇಜಿನ ಮೇಲಿಟ್ಟರು. ಮೈ ಎತ್ತಿ ಚಾಸಿಸ್ ಹೊಸದು ಮಾಡಿಸಿದ ಬಿಲ್ಲು, ಬರೀ ಚಾಸಿಸ್‌ನ ಫೋಟೋಗಳು, ಎಂಜಿನ್ ಒಳಗಿನ ಸವೆದ ಕ್ಯಾಮ್‌ಶಾಫ್ಟ್ ಬದಲಿಸಿದ ರಸೀದಿ, ಎಲ್ಲ ಇತ್ತು. ಗಾಡಿ ರಸ್ತೆಗೆ ಯೋಗ್ಯವೇ ಅಂತ ವರ್ಷವರ್ಷ ಮಾಡಿಸುವ ಎಂಒಟಿ ಪರೀಕ್ಷೆಯಲ್ಲಿ ಬರೆದ ಮೈಲಿ ಲೆಕ್ಕವನ್ನು ಸರ್ಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆ ನೋಡಬಹುದು. ಎಲ್ಲ ತಾಳೆಯಾಯಿತು.

ಎರಡು ಕೈಮೀರಾಗಳ ನಡುವೆ 4,500 ಪೌಂಡ್ ವ್ಯತ್ಯಾಸ. ನನ್ನ ಪ್ರಕಾರ ಅಗ್ಗದ್ದೇ ದುಬಾರಿ. ಕಂಪನಿ ಬ್ಲ್ಯಾಕ್‌ಪೂಲ್ ಕಾರ್ಖಾನೆ ಮುಚ್ಚಿದ್ದು 2006ರಲ್ಲಿ. ಹಿಂದೆ ನಿಲ್ಲುವ ಕಂಪನಿ ಇಲ್ಲದಿದ್ದಾಗ ಕೊಳ್ಳುವವನು ನಂಬುವುದು ಆ ಫೈಲನ್ನೇ. ನಾಳೆ ನಾನು ಮಾರುವಾಗಲೂ ನನ್ನ ಪರವಾಗಿ ಮಾತಾಡುವುದು ಅದೇ. ಹುಡುಕುವವರೂ ಇದ್ದಾರೆ. 1990ರ ದಶಕದಲ್ಲಿ ಹುಡುಗರಾಗಿದ್ದು, ಗೋಡೆಗೆ ಇದರ ಚಿತ್ರ ಅಂಟಿಸಿಕೊಂಡವರು ಈಗ ಸಂಪಾದನೆ ಮಾಡಿಕೊಂಡು ನಿಂತಿದ್ದಾರೆ.

ಇಲ್ಲಿ ಖಾಸಗಿಯಾಗಿ ಇಟ್ಟುಕೊಂಡ ಕಾರು ಮಾರಿ ಬಂದ ಲಾಭಕ್ಕೆ ಕ್ಯಾಪಿಟಲ್ ಗೇನ್ಸ್ ತೆರಿಗೆ ಇಲ್ಲ. 40 ವರ್ಷ ತುಂಬಿದ ಗಾಡಿಗೆ ರಸ್ತೆ ತೆರಿಗೆಯೂ ಇಲ್ಲ, ಶುರುವಿನ ಕೈಮೀರಾಗಳಿಗೆ ಆ ಭಾಗ್ಯ 2030ರ ದಶಕದಲ್ಲಿ ಬರುತ್ತದೆ. ಇದನ್ನೆಲ್ಲ ಹೇಳಿ ಇವನ್ನು ಹೂಡಿಕೆ ಅಂತ ಮಾರುವವರಿದ್ದಾರೆ. ನಾನು ಒಪ್ಪಲ್ಲ. ಇನ್ಶೂರೆನ್ಸ್, ಗ್ಯಾರೇಜ್ ಬಾಡಿಗೆ, ರಿಪೇರಿ ಸೇರಿಸಿದರೆ ಲಾಭದ ಮಾತು ಬಿಡಿ, ಅಸಲು ಉಳಿದರೆ ಸಾಕು. ಬರೀ ಬೆಲೆ ನಿಲ್ಲಬೇಕು ಅನ್ನುವವರು, ಮಂಡಿ ಗಟ್ಟಿ ಇದ್ದರೆ, ಎಲೀಸ್ ತಗೊಳ್ಳಿ. ಅವಸರವಿಲ್ಲದೆ ಹತ್ತು ವರ್ಷ ಇಟ್ಟುಕೊಳ್ಳುವವರು ಆರ್‌ವಿ8 ನೋಡಬಹುದು, ಕೊಡುವ ದುಡ್ಡಿಗೆ ಅಷ್ಟು ಒಳ್ಳೇ ಗಾಡಿ ಸಿಗೋದು ಕಷ್ಟ.

ನಾವು 16,800ಕ್ಕೆ ಮಾತಾಡಿ ಎರಡನೇ ಕೈಮೀರಾ ತಂದೆವು. ಆ ಫೈಲು ಈಗ ನಮ್ಮ ಮನೆಯ ಬೀರುವಿನಲ್ಲಿದೆ. ಹೋದ ಶನಿವಾರ ಅದಕ್ಕೆ ನಮ್ಮ ಮೊದಲ ಕಾಗದ ಸೇರಿತು: ಹೊಸ ಬ್ಯಾಟರಿಯ ಬಿಲ್ಲು. ತಾರೀಖನ್ನೂ ಮೈಲಿ ಲೆಕ್ಕವನ್ನೂ ಅದರ ಮೇಲೆ ಬರೆದಿಟ್ಟವಳು ನನ್ನ ಹೆಂಡತಿ.