ಅರ್ಧ ಪಾಟ್ ಕಟ್ಟುವುದೋ, ಪೂರ್ತಿ ಪಾಟ್ ಕಟ್ಟುವುದೋ?

ಹೋಲ್ಡೆಮ್ ಪೋಕರ್ ಆಟ. ಪಾಟ್‌ನಲ್ಲಿ (ನಡುವೆ ಕೂಡಿದ ಪಣದಲ್ಲಿ) 100 ಚಿಪ್ ಇವೆ, ನಿಮ್ಮ ಸರದಿ. 50 ಕಟ್ಟುತ್ತೀರಾ, 100 ಕಟ್ಟುತ್ತೀರಾ?

ಕೈಯಲ್ಲಿ ಗಟ್ಟಿ ಎಲೆ ಇದ್ದರೆ ನಾನು 100 ಅನ್ನುತ್ತೇನೆ. ಟರ್ನ್ (ಟೇಬಲ್ ಮೇಲಿನ ನಾಲ್ಕನೇ ಎಲೆ) ಬಿದ್ದ ಮೇಲೂ ಫ್ಲಶ್‌ಗೆ (ಒಂದೇ ಜಾತಿಯ ಐದು ಎಲೆಗೆ) ಒಂದು ಎಲೆ ಕಾಯುತ್ತಿರುವವನಿಗೆ ಅದು ಸಿಗುವುದು ಸುಮಾರು 20% ಸಲ. 50ಕ್ಕೆ ಕಾಲ್ ಮಾಡಿ (ತಾನೂ ಅಷ್ಟೇ ಕಟ್ಟಿ) ನಷ್ಟ ತಪ್ಪಿಸಿಕೊಳ್ಳಲು ಅವನು 25% ಸಲ ಗೆಲ್ಲಬೇಕು, 100ಕ್ಕೆ 33%. ಎರಡೂ ಅವನಿಗೆ ದುಬಾರಿಯೇ, ಆದರೆ 100 ನಿಮಗೆ ಜಾಸ್ತಿ ತರುತ್ತದೆ. ಸಣ್ಣ ಮೊತ್ತದ ಟೇಬಲ್‌ನಲ್ಲಿ ಜನ ಹೇಗೂ ಕಾಲ್ ಮಾಡುತ್ತಾರೆ, ಅಲ್ವಾ?

ಅದೇ ಕಾರಣಕ್ಕೆ ಬ್ಲಫ್‌ಗೆ (ಎಲೆ ದುರ್ಬಲವಿದ್ದರೂ ಕಟ್ಟಿ ಎದುರಾಳಿಯನ್ನು ಹೆದರಿಸಲು) 100 ಬೇಡ. ಎರಡರಲ್ಲಿ ಒಂದು ಸಲ ಎದುರಾಳಿ ಫೋಲ್ಡ್ ಮಾಡಿದರಷ್ಟೇ (ಎಲೆ ಬಿಟ್ಟರಷ್ಟೇ) ಅಸಲು ಉಳಿಯುತ್ತದೆ. 50 ಕಟ್ಟಿದರೆ ಮೂರರಲ್ಲಿ ಒಂದು ಸಲ ಸಾಕು. ಹೊಸಬರು ಅದನ್ನೂ ಅಪರೂಪಕ್ಕೆ ಮಾಡಿ.

ಸಾಧಾರಣ ಜೋಡಿ ಇದ್ದರೆ? 50, ಅಥವಾ ಸುಮ್ನೆ ಚೆಕ್ (ಏನೂ ಕಟ್ಟದೆ ಸರದಿ ಬಿಡುವುದು).